ಕೆಳ ಗೇರಿನ ಕಡಿವಾಣ: ಬಿಚ್ಚುವ ಮುನ್ನ ಗ್ಯಾರೇಜ್ ಉದ್ದಿಮೆದಾರರು ಅರಿಯಬೇಕಾದ ಸಂಗತಿಗಳು

ವಾರಾಂತ್ಯದ ಮುಂಜಾನೆ ರಾಮನಗರ ಅಥವಾ ಚನ್ನಪಟ್ಟಣದ ಹಳೆಯ ಹೆದ್ದಾರಿಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ, ರೇಷ್ಮೆಗೂಡು ಹೊತ್ತ ಟೆಂಪೋಗಳು, ಹಾಲಿನ ವಾಹನಗಳು ಹಾಗೂ ಸಾರಿಗೆ ಬಸ್ಸುಗಳ ನಡುವೆ ಬೆಂಗಳೂರಿನಿಂದ ಬರುವ ದೊಡ್ಡ ಮೋಟಾರ್ ಸೈಕಲ್‌ಗಳ ಸಾಲು ಕಣ್ಣಿಗೆ ಬೀಳದೆ ಇರದು. 2023ರ ಮಾರ್ಚ್ 12ರಂದು ಲೋಕಾರ್ಪಣೆಗೊಂಡ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ಈ ನಿಷೇಧಕ್ಕೆ ನೂರು ಸಿಸಿಯ ಮೊಪೆಡ್ಡೂ ಒಂದೇ, ಸಾವಿರ ಸಿಸಿಯ ಸ್ಪೋರ್ಟ್ ಟೂರಿಂಗ್ ಬೈಕೂ ಒಂದೇ. ಹೀಗಾಗಿ ಹದಿನೈದು–ಇಪ್ಪತ್ತು ಲಕ್ಷ ರೂಪಾಯಿ ಬೆಲೆಯ ವಾಹನವನ್ನು ಏರಿ ಬರುವ ಸವಾರರೂ ಸರ್ವೀಸ್ ರಸ್ತೆಯನ್ನೋ ಊರೊಳಗಿನ ಹಳೆಯ ರಸ್ತೆಯನ್ನೋ ಹಿಡಿಯಬೇಕಾಗಿದೆ.

ಬೈಪಾಸ್ ಬಂದ ಮೇಲೆ ಹಳೆಯ ರಸ್ತೆಯ ಹೋಟೆಲು, ಬೊಂಬೆ ಅಂಗಡಿ ಹಾಗೂ ಸಣ್ಣಪುಟ್ಟ ದುರಸ್ತಿ ಅಂಗಡಿಗಳ ವ್ಯಾಪಾರ ಕುಗ್ಗಿದ ಸಂಗತಿ ನಮ್ಮ ಓದುಗರಿಗೆ ತಿಳಿದದ್ದೇ. ಅಂತಹ ಸಂದರ್ಭದಲ್ಲಿ ದುಬಾರಿ ವಾಹನದ ಗ್ರಾಹಕನೊಬ್ಬ ತಾನಾಗಿಯೇ ಗ್ಯಾರೇಜಿನ ಮುಂದೆ ಬಂದು ನಿಂತರೆ ಅದನ್ನು ಅವಕಾಶವೆಂದು ಭಾವಿಸುವುದು ಸಹಜ. ಇಂತಹ ಗ್ರಾಹಕರಲ್ಲಿ ಕೆಲವರು ಇಡುವ ಕೋರಿಕೆಯೊಂದಿದೆ: "ಫಸ್ಟ್, ಸೆಕೆಂಡ್ ಗೇರಿನಲ್ಲಿ ಕಂಪನಿಯವರು ಪವರ್ ಕಟ್ಟಿಹಾಕಿದ್ದಾರೆ, ಅದನ್ನು ಓಪನ್ ಮಾಡಿಕೊಡ್ತೀರಾ?" ಈ ಕೆಲಸವನ್ನು ಒಪ್ಪಿಕೊಳ್ಳಬೇಕೆ, ಬೇಡವೆ? ಒಪ್ಪಿಕೊಂಡರೆ ಹೊಣೆ ಯಾರದು? ನಿರಾಕರಿಸಿದರೆ ಗ್ರಾಹಕನನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳುವ ದಾರಿ ಯಾವುದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಡಿವಾಣ ಎಂದರೇನು?

ಸ್ಪೋರ್ಟ್ ಟೂರಿಂಗ್ ಎಂಬುದು ರೇಸ್ ಬೈಕಿನ ಎಂಜಿನ್ ಸಾಮರ್ಥ್ಯವನ್ನೂ ದೂರಪ್ರಯಾಣಕ್ಕೆ ಬೇಕಾದ ಆಸನ, ಗಾಳಿತಡೆ ಹಾಗೂ ಸಾಮಾನು ಪೆಟ್ಟಿಗೆಗಳನ್ನೂ ಒಂದುಗೂಡಿಸಿದ ವರ್ಗ. ಈ ವರ್ಗದ ಹಾಗೂ ಇದಕ್ಕೆ ಹತ್ತಿರದ ಹಲವು ವಾಹನಗಳಲ್ಲಿ ಎಂಜಿನ್ನಿನ ಪೂರ್ಣ ಬಲ ಎಲ್ಲ ಗೇರುಗಳಲ್ಲೂ ಸಮನಾಗಿ ದೊರೆಯುವುದಿಲ್ಲ. ಒಂದನೆಯ, ಎರಡನೆಯ ಹಾಗೂ ಕೆಲವು ಮಾದರಿಗಳಲ್ಲಿ ಮೂರನೆಯ ಗೇರಿನಲ್ಲಿಯೂ ಎಂಜಿನ್ ನಿಯಂತ್ರಣ ಘಟಕ, ಅಂದರೆ ಇಸಿಯು, ಬಲವನ್ನು ಉದ್ದೇಶಪೂರ್ವಕವಾಗಿ ಮಿತಿಗೊಳಿಸುತ್ತದೆ. 1999ರಲ್ಲಿ ಜಗತ್ತಿಗೆ ಪರಿಚಯವಾದ ಸುಜುಕಿ ಹಯಬುಸಾ, 2006ರಲ್ಲಿ ಬಂದ ಕವಾಸಾಕಿ ಝಡ್‌ಎಕ್ಸ್-14 ಹಾಗೂ 2010ರ ಮಾದರಿಯಾಗಿ ಬಂದ ಹೋಂಡಾ ವಿಎಫ್‌ಆರ್ 1200 ಎಫ್ ವಾಹನಗಳ ವಿಷಯದಲ್ಲಿ ಸವಾರರೂ ಟ್ಯೂನಿಂಗ್ ತಂತ್ರಜ್ಞರೂ ಈ ಮಿತಿಯ ಕುರಿತು ವರ್ಷಗಟ್ಟಲೆ ಚರ್ಚಿಸಿದ್ದಾರೆ.

ಮಿತಿಗೊಳಿಸುವ ಮಾರ್ಗಗಳು ಮುಖ್ಯವಾಗಿ ಮೂರು. ಮೊದಲನೆಯದು, ಕಿಡಿ ಹಾರುವ ಸಮಯವನ್ನು ಸ್ವಲ್ಪ ತಡಮಾಡುವುದು. ದಹನ ತಡವಾದರೆ ಪಿಸ್ಟನ್ ಮೇಲೆ ಬೀಳುವ ಒತ್ತಡ ತಗ್ಗುತ್ತದೆ. ಎರಡನೆಯದು, ಸವಾರನ ಕೈಗೆ ಸಿಕ್ಕುವ ಥ್ರಾಟಲ್ ಫಲಕದ ಜೊತೆಗೆ ಮತ್ತೊಂದು ಸಾಲು ಫಲಕಗಳನ್ನು ಅಳವಡಿಸಿ ಅವುಗಳನ್ನು ಸಣ್ಣ ಮೋಟಾರಿನಿಂದ ತೆರೆಯುವುದು. ಸವಾರನು ಕೈಯನ್ನು ಪೂರ್ಣ ತಿರುಗಿಸಿದರೂ ಈ ಎರಡನೆಯ ಫಲಕಗಳು ಇಸಿಯು ಅಪ್ಪಣೆಯಿತ್ತಷ್ಟೇ ತೆರೆಯುತ್ತವೆ. ಮೂರನೆಯದು, ಇತ್ತೀಚಿನ ವಾಹನಗಳಲ್ಲಿರುವಂತೆ ಕೇಬಲ್ಲೇ ಇಲ್ಲದ ವಿದ್ಯುನ್ಮಾನ ಥ್ರಾಟಲ್. ಇಲ್ಲಿ ಸವಾರನ ಕೈ ಕೇವಲ ಕೋರಿಕೆ ಸಲ್ಲಿಸುತ್ತದೆ. ಎಷ್ಟು ತೆರೆಯಬೇಕೆಂಬುದನ್ನು ಗೇರಿಗೊಂದರಂತೆ ಬರೆದಿಟ್ಟ ಅಂಕಿಗಳ ಕೋಷ್ಟಕ ನಿರ್ಧರಿಸುತ್ತದೆ.

ನಮ್ಮ ಭಾಗದ ಹಿರಿಯ ಮೆಕ್ಯಾನಿಕ್‌ಗಳಿಗೆ ಎಂಜಿನ್ನಿನ ಬಲ ಹೆಚ್ಚಿಸುವ ವಿದ್ಯೆ ಹೊಸದಲ್ಲ. ಇದೇ ರಸ್ತೆಯ ಕೊನೆಯಲ್ಲಿರುವ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಹಾಗೂ ಯೆಜ್ಡಿ ಬೈಕುಗಳನ್ನು ತಯಾರಿಸಿತು. ಆ ಬೈಕುಗಳಿಗೂ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ಕ್ಕೂ ಕಾರ್ಬ್ಯುರೇಟರಿನ ಜೆಟ್ ಬದಲಿಸಿ, ಸ್ಪ್ರಾಕೆಟ್ಟಿನ ಹಲ್ಲು ಕಡಿಮೆ ಮಾಡಿ ಚುರುಕು ತಂದವರು ಎಷ್ಟೋ ಮಂದಿ. ಆದರೆ ಆಗ ಬದಲಿಸಿದ ಭಾಗ ಕೈಯಲ್ಲಿ ಹಿಡಿದು ನೋಡುವಂತಹುದು. ತಪ್ಪಾದರೆ ಹಳೆಯದನ್ನು ಮತ್ತೆ ಹಾಕಬಹುದಿತ್ತು. ಇಂದು ಬದಲಾಗುವುದು ಕಣ್ಣಿಗೆ ಕಾಣದ ಅಂಕಿಗಳು. ತೊಡಕು ಪ್ರಾರಂಭವಾಗುವುದೂ ಅಲ್ಲಿಂದಲೇ.

ತಯಾರಕರು ಹೀಗೇಕೆ ಮಾಡುತ್ತಾರೆ?

ಹಣ ಕೊಟ್ಟು ಕೊಂಡ ಬಲವನ್ನು ಕಂಪನಿ ತಡೆಹಿಡಿದಿದೆ ಎಂಬ ಭಾವನೆ ಗ್ರಾಹಕರಲ್ಲಿ ಸಾಮಾನ್ಯ. ಆದರೆ ಸರಳ ಲೆಕ್ಕವೊಂದು ಬೇರೆಯದೇ ಚಿತ್ರವನ್ನು ನೀಡುತ್ತದೆ. ಉದಾಹರಣೆಗಾಗಿ 110 ನ್ಯೂಟನ್ ಮೀಟರ್ ಟಾರ್ಕ್ ಉಳ್ಳ ಎಂಜಿನ್ನನ್ನು ತೆಗೆದುಕೊಳ್ಳೋಣ. ಒಂದನೆಯ ಗೇರಿನಲ್ಲಿ ಎಂಜಿನ್ನಿನಿಂದ ಹಿಂಚಕ್ರದವರೆಗಿನ ಒಟ್ಟು ಅನುಪಾತ ಸುಮಾರು 11.2 ಎಂದೂ ಚಕ್ರದ ತ್ರಿಜ್ಯ 0.3 ಮೀಟರ್ ಎಂದೂ ಇಟ್ಟುಕೊಂಡರೆ, ಟೈರು ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 4,100 ನ್ಯೂಟನ್ ಆಗುತ್ತದೆ. ಗೇರ್ ಹಾಗೂ ಚೈನಿನಲ್ಲಿ ಶೇ. 10ರಷ್ಟು ನಷ್ಟವಾಯಿತೆಂದರೂ 3,700 ನ್ಯೂಟನ್ ಉಳಿಯುತ್ತದೆ.

ಇನ್ನು ಸವಾರನೂ ಸೇರಿ ವಾಹನದ ತೂಕ 320 ಕಿಲೋ ಎಂದುಕೊಂಡರೆ, ಭೂಮಿಯ ಸೆಳೆತದ ಲೆಕ್ಕದಲ್ಲಿ ಅದು ಸುಮಾರು 3,140 ನ್ಯೂಟನ್. ಹಿಂಟೈರು ನೆಲ ಮುಟ್ಟುವ ಬಿಂದುವಿನಿಂದ ವಾಹನದ ಗುರುತ್ವಕೇಂದ್ರ ಎಷ್ಟು ಮುಂದಿದೆಯೋ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದ್ದರೆ, ತಳ್ಳುವ ಬಲ ತೂಕಕ್ಕೆ ಸಮನಾದ ಕ್ಷಣದಲ್ಲಿ ಮುಂಚಕ್ರ ನೆಲ ಬಿಡುತ್ತದೆ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಟೈರಿನ ಹಿಡಿತವೂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಅಂದರೆ 3,700 ನ್ಯೂಟನ್ ಬಲದಲ್ಲಿ ಸುಮಾರು 560 ನ್ಯೂಟನ್ ಬಳಕೆಗೇ ಬಾರದು. ಅದು ಮುಂಚಕ್ರವನ್ನು ಎತ್ತುವುದಕ್ಕೋ ಹಿಂಟೈರನ್ನು ಜಾರಿಸುವುದಕ್ಕೋ ವ್ಯಯವಾಗುತ್ತದೆ. ತಯಾರಕರು ಒಂದನೆಯ ಗೇರಿನಲ್ಲಿ ಶೇ. 20ರಷ್ಟು ಬಲವನ್ನು ತಗ್ಗಿಸಿದರೆ ಉಳಿಯುವುದು ಸುಮಾರು 2,960 ನ್ಯೂಟನ್. ಇದು ಮುಂಚಕ್ರ ಏಳುವ ಗಡಿಗಿಂತ ತುಸುವೇ ಕೆಳಗೆ ನಿಲ್ಲುತ್ತದೆ. ಇದೇ ಎಂಜಿನ್ ಐದನೆಯ ಗೇರಿಗೆ ಬಂದಾಗ ಒಟ್ಟು ಅನುಪಾತ ಸುಮಾರು 5ಕ್ಕೆ ಇಳಿದು ತಳ್ಳುಬಲ 1,650 ನ್ಯೂಟನ್ ಆಸುಪಾಸಿಗೆ ತಗ್ಗುವುದರಿಂದ ಅಲ್ಲಿ ಕಡಿವಾಣದ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ಕಾರಣ ಶಬ್ದ. ಅಂತಾರಾಷ್ಟ್ರೀಯವಾಗಿ ಬಹುಕಾಲ ಬಳಕೆಯಲ್ಲಿದ್ದ ಪರೀಕ್ಷಾ ಕ್ರಮದಲ್ಲಿ ದೊಡ್ಡ ಬೈಕನ್ನು ಗಂಟೆಗೆ 50 ಕಿ.ಮೀ. ವೇಗದಲ್ಲಿ ಪರೀಕ್ಷಾ ಪಥಕ್ಕೆ ತಂದು, ಎರಡನೆಯ ಹಾಗೂ ಮೂರನೆಯ ಗೇರಿನಲ್ಲಿ ಥ್ರಾಟಲ್ಲನ್ನು ಪೂರ್ಣ ತೆರೆದು, ಪಥದ ಮಧ್ಯರೇಖೆಯಿಂದ ಏಳೂವರೆ ಮೀಟರ್ ದೂರದ ಮೈಕ್ರೊಫೋನಿನಲ್ಲಿ ಶಬ್ದವನ್ನು ಅಳೆಯಲಾಗುತ್ತಿತ್ತು. ಭಾರತದಲ್ಲಿ 175 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೆ 80 ಡೆಸಿಬೆಲ್ ಮಿತಿಯನ್ನು ವಿಧಿಸಲಾಯಿತು. ಸಾವಿರ ಸಿಸಿಯ ಎಂಜಿನ್ ಆ ಗೇರುಗಳಲ್ಲಿ ಪೂರ್ಣ ಉಸಿರೆಳೆದರೆ ಈ ಗಡಿಯೊಳಗೆ ಉಳಿಯುವುದು ಕಷ್ಟ. ಆದ್ದರಿಂದಲೇ ಕೆಲವು ವಾಹನಗಳಲ್ಲಿ ಮಧ್ಯಮ ವೇಗದ ಸುತ್ತುಗಳಲ್ಲಿ ಬಲ ತಟಕ್ಕನೆ ತಗ್ಗಿ ಮತ್ತೆ ಏರುವ ಅನುಭವವಾಗುತ್ತದೆ. ಸವಾರರ ದೂರಿಗೆ ಮೂಲವಾದದ್ದು ಬಹುಪಾಲು ಈ ತಗ್ಗೇ.

ಮೂರನೆಯದು ಆಯಾ ದೇಶಗಳ ಕಟ್ಟುಪಾಡು. ಫ್ರಾನ್ಸ್ ದೇಶದಲ್ಲಿ ಮೋಟಾರ್ ಸೈಕಲ್‌ಗಳಿಗೆ ನೂರು ಅಶ್ವಶಕ್ತಿಯ ಮಿತಿ 2016ರವರೆಗೂ ಜಾರಿಯಲ್ಲಿತ್ತು. ಯುರೋಪಿನಲ್ಲಿ ಎ2 ದರ್ಜೆಯ ಪರವಾನಗಿ ಹೊಂದಿದವರು 35 ಕಿಲೋವ್ಯಾಟ್ ಮೀರಿದ ಬೈಕನ್ನು ಓಡಿಸುವಂತಿಲ್ಲ. ಅಲ್ಲಿ ಕಡಿವಾಣ ಬಿಚ್ಚುವುದೂ ಕಟ್ಟುವುದೂ ಪ್ರಮಾಣಪತ್ರ ಸಹಿತ ನಡೆಯುವ ವ್ಯವಹಾರ. ನಮ್ಮಲ್ಲಿ ಗೇರುಳ್ಳ ದ್ವಿಚಕ್ರದ ಪರವಾನಗಿ ಇದ್ದರೆ ಹದಿನೆಂಟರ ತರುಣನೂ ಯಾವ ಶಕ್ತಿಯ ಬೈಕನ್ನಾದರೂ ಓಡಿಸಬಹುದು. ಹಂತ ಹಂತದ ಪರವಾನಗಿ ಇಲ್ಲದ ದೇಶದಲ್ಲಿ ತಯಾರಕರು ಹಾಕಿದ ಕಡಿವಾಣವೊಂದೇ ಹೊಸ ಸವಾರನಿಗೂ ಆ ಬಲಕ್ಕೂ ನಡುವೆ ಇರುವ ತಡೆ ಎಂಬುದನ್ನು ಮರೆಯಲಾಗದು.

ಬಿಚ್ಚುವ ವಿಧಾನಗಳು ಹಾಗೂ ಅವುಗಳ ಬೆಲೆ

ತಾಂತ್ರಿಕವಾಗಿ ಈ ಕೆಲಸ ಅಸಾಧ್ಯವಾದುದೇನಲ್ಲ. ಪ್ರಚಲಿತವಾಗಿರುವ ವಿಧಾನಗಳನ್ನೂ ಅವುಗಳಿಂದಾಗುವ ಅಡ್ಡಪರಿಣಾಮಗಳನ್ನೂ ಸಂಗ್ರಹವಾಗಿ ಹೀಗೆ ಹೇಳಬಹುದು.

ಒಂದು, ಗೇರ್ ಪೊಸಿಷನ್ ಸೆನ್ಸರಿನಿಂದ ಇಸಿಯುಗೆ ಹೋಗುವ ಸಂಕೇತವನ್ನು ಬದಲಿಸುವುದು. ನಿಗದಿತ ಪ್ರತಿರೋಧಕವಿರುವ ಸಣ್ಣ ಸಾಧನವೊಂದನ್ನು ತಂತಿಯ ನಡುವೆ ಸೇರಿಸಿದರೆ, ವಾಹನ ಒಂದನೆಯ ಗೇರಿನಲ್ಲಿದ್ದರೂ ಅದು ಐದನೆಯದರಲ್ಲಿದೆ ಎಂದು ಇಸಿಯು ನಂಬುತ್ತದೆ. ಖರ್ಚು ಕಡಿಮೆ. ಆದರೆ ಕೆಲವು ವಾಹನಗಳಲ್ಲಿ ಗೇರ್ ಸೂಚಕ ತಪ್ಪು ತೋರಿಸುತ್ತದೆ, ನಿಂತಲ್ಲಿ ಎಂಜಿನ್ ಓಡುವ ಲಯ ಕೆಡುತ್ತದೆ. ಗೇರಿನ ಮಾಹಿತಿಯನ್ನೇ ನೆಚ್ಚಿಕೊಂಡ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಹೊಸ ವಾಹನಗಳಿಗೆ ಈ ಉಪಾಯ ಸಲ್ಲದು.

ಎರಡು, ಎರಡನೆಯ ಸಾಲಿನ ಥ್ರಾಟಲ್ ಫಲಕಗಳನ್ನು ಕಳಚಿ ಹಾಕುವುದು. ಇದರಿಂದ ಗಾಳಿಯ ಹರಿವು ಹೆಚ್ಚುತ್ತದೆಯೇನೋ ಸರಿ, ಆದರೆ ಕಡಿಮೆ ಸುತ್ತುಗಳಲ್ಲಿ ಗಾಳಿಯ ವೇಗ ಕುಸಿದು ಥ್ರಾಟಲ್ ಮುಟ್ಟಿದೊಡನೆ ವಾಹನ ಎಗರುವ ಸ್ವಭಾವ ಪಡೆಯುತ್ತದೆ. ಪೇಟೆಯ ದಟ್ಟಣೆಯಲ್ಲಿ ಹೀಗೆ ಎಗರುವ ವಾಹನವನ್ನು ನಿಭಾಯಿಸುವುದು ಸವಾರನಿಗೆ ಆಯಾಸಕರ.

ಮೂರು, ಇಸಿಯುವಿನ ಸ್ಮರಣೆಯಲ್ಲಿರುವ ಕೋಷ್ಟಕಗಳನ್ನೇ ಓದಿ, ತಿದ್ದಿ, ಮರಳಿ ಬರೆಯುವುದು. ಇದನ್ನು ವಾಡಿಕೆಯಲ್ಲಿ ಫ್ಲ್ಯಾಶ್ ಅಥವಾ ರೀಮ್ಯಾಪ್ ಎನ್ನುತ್ತಾರೆ. ಮೂರರಲ್ಲಿ ಇದು ಹೆಚ್ಚು ಅಚ್ಚುಕಟ್ಟಾದದ್ದು. ಅಷ್ಟೇ ಹೆಚ್ಚು ಜ್ಞಾನವನ್ನೂ ಬೇಡುವಂತಹುದು. ಗಾಳಿ ಹೆಚ್ಚಿಸಿದ ಕಡೆ ಇಂಧನದ ಕೋಷ್ಟಕವನ್ನೂ ಸರಿದೂಗಿಸದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಸರಿದೂಗಿಸುವ ಭರದಲ್ಲಿ ಇಂಧನ ಅತಿಯಾದರೆ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಬರೆಯುವ ನಡುವೆ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಘಟಕವೇ ನಿಷ್ಕ್ರಿಯವಾಗಬಹುದು. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಈಚಿನ ವಾಹನಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ವ್ಯವಸ್ಥೆಯು ಎಂಜಿನ್ ಎಷ್ಟು ಬಲ ನೀಡುತ್ತಿದೆ ಎಂಬ ಲೆಕ್ಕವನ್ನು ಇದೇ ಕೋಷ್ಟಕಗಳಿಂದ ಪಡೆಯುತ್ತದೆ. ಒಂದನ್ನು ತಿದ್ದಿ ಮತ್ತೊಂದನ್ನು ಬಿಟ್ಟರೆ, ಹಿಂಟೈರು ಜಾರಿದಾಗ ಆ ವ್ಯವಸ್ಥೆ ತಪ್ಪು ಲೆಕ್ಕದ ಮೇಲೆ ತೀರ್ಮಾನ ಕೈಗೊಳ್ಳುತ್ತದೆ.

ನಮ್ಮ ರಸ್ತೆಗಳು ಕೆಳ ಗೇರಿನ ರಸ್ತೆಗಳು

ಮೇಲಿನ ಲೆಕ್ಕವೆಲ್ಲ ಒಣಗಿದ, ಸಮತಟ್ಟಾದ, ಒಳ್ಳೆಯ ಡಾಂಬರು ರಸ್ತೆಗೆ ಅನ್ವಯಿಸುವಂತಹುದು. ಇದನ್ನು ನಮ್ಮ ತಾಲ್ಲೂಕುಗಳ ನೆಲಕ್ಕೆ ತಂದು ನೋಡುವುದು ಅವಶ್ಯ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಪ್ರದೇಶದಲ್ಲಿ ಸವಾರರಿಗೆ ಪ್ರಿಯವಾದ ಜಾಗಗಳು ಯಾವುವು? ಕನಕಪುರದಿಂದ ಸಂಗಮ ಹಾಗೂ ಮೇಕೆದಾಟಿನ ದಾರಿ, ಮಾಗಡಿಯ ಸಾವನದುರ್ಗ ಹಾಗೂ ಮಂಚನಬೆಲೆ ಜಲಾಶಯದ ಸುತ್ತಲ ತಿರುವುಗಳು, ರಾಮನಗರದ ರಾಮದೇವರ ಬೆಟ್ಟ, ಚನ್ನಪಟ್ಟಣದ ಕಣ್ವ ಜಲಾಶಯದ ಹಾದಿ. ಇವೆಲ್ಲವೂ ಊರುಗಳನ್ನು ಹಾದು, ಉಬ್ಬುಗಳನ್ನು ದಾಟಿ, ಬಂಡೆಬೆಟ್ಟಗಳ ನಡುವೆ ಸುತ್ತಿ ಸಾಗುವ ರಸ್ತೆಗಳು. ರಾಗಿಯ ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹುಲ್ಲು ಹರಡಿ ಕಣ ಮಾಡುವುದು ಹಳ್ಳಿಗಾಡಿನಲ್ಲಿ ಇನ್ನೂ ಕಾಣಸಿಗುವ ನೋಟ. ಕಲ್ಲು ಗಣಿಗಳಿಂದ ಬರುವ ಲಾರಿಗಳು ಚೆಲ್ಲಿದ ಜಲ್ಲಿಪುಡಿ ತಿರುವಿನಲ್ಲಿ ಬಿದ್ದಿರುತ್ತದೆ.

ಇಂತಹ ರಸ್ತೆಗಳಲ್ಲಿ ದೊಡ್ಡ ಬೈಕು ಐದನೆಯ, ಆರನೆಯ ಗೇರು ಕಾಣುವ ಹೊತ್ತು ಕಡಿಮೆ. ಉಬ್ಬಿನ ಮುಂದೆ, ಶಾಲೆಯ ಎದುರು, ಸಂತೆಯ ಬದಿಯಲ್ಲಿ, ಏರುತಿರುವಿನಲ್ಲಿ ಅದು ಓಡುವುದು ಒಂದರಿಂದ ಮೂರನೆಯ ಗೇರಿನಲ್ಲೇ. ಕಡಿವಾಣ ಬಿಚ್ಚಿದಾಗ ಹೆಚ್ಚುವ ಬಲ ನಿರ್ಜನ ಹೆದ್ದಾರಿಯಲ್ಲಿ ಪ್ರಕಟವಾಗುವುದಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುವವರು, ಶಾಲೆಗೆ ಹೊರಟ ಮಕ್ಕಳು, ಮೊಪೆಡ್ಡಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಟ್ಟುಕೊಂಡು ಬರುವ ರೈತರು ಇರುವ ಕಡೆಯಲ್ಲೇ ಅದು ಪ್ರಕಟವಾಗುತ್ತದೆ. ಜಲ್ಲಿಪುಡಿಯ ಮೇಲೆ ಟೈರಿನ ಹಿಡಿತ ಒಣ ಡಾಂಬರಿನ ಅರ್ಧಕ್ಕೂ ಇಳಿಯಬಹುದು. ಹಾಗಿರುವಲ್ಲಿ ತಯಾರಕರು ಬಿಟ್ಟುಕೊಟ್ಟ ಬಲವೇ ಹೆಚ್ಚು ಎನ್ನಬೇಕಾಗುತ್ತದೆ. ಗ್ಯಾರೇಜಿನಲ್ಲಿ ಅಂಕಿ ತಿದ್ದುವವನು ಬೈಕಿನ ಮೇಲೆ ಕೂರುವುದಿಲ್ಲ. ಆದರೆ ಅದರ ಪರಿಣಾಮವನ್ನು ಅನುಭವಿಸುವವರಲ್ಲಿ ಅವನ ಊರಿನವರೇ ಇರುತ್ತಾರೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪು ಈ ಕಲಮನ್ನು ಕಟ್ಟುನಿಟ್ಟಾಗಿ ಓದಬೇಕೆಂಬುದನ್ನು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿಸಲಾದ 182ಎ ಕಲಮಿನ 4ನೆಯ ಉಪಕಲಮು, ಕಾಯ್ದೆಯಲ್ಲಿ ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಶಬ್ದ ಹಾಗೂ ವಾಯುಮಾಲಿನ್ಯದ ಮಾನಕಗಳನ್ನು ಮೀರಿದ ವಾಹನ ಚಾಲನೆಗೆ 190ನೆಯ ಕಲಮಿನ 2ನೆಯ ಉಪಕಲಮಿನಲ್ಲಿ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಹತ್ತು ಸಾವಿರ ರೂಪಾಯಿವರೆಗಿನ ದಂಡದ ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆಯೂ ಇದೆ.

ಗರಿಷ್ಠ ಅಶ್ವಶಕ್ತಿ ಬದಲಾಗುವುದಿಲ್ಲ, ಕೆಳ ಗೇರಿನಲ್ಲಿ ಮಾತ್ರ ಬಲ ಹೆಚ್ಚುತ್ತದೆ, ಆದ್ದರಿಂದ ನೋಂದಣಿ ಪತ್ರದ ವಿವರ ಬದಲಾಗದು ಎಂಬ ವಾದವನ್ನು ಮುಂದಿಡುವವರಿದ್ದಾರೆ. ವಾದ ಜಾಣತನದ್ದು. ಆದರೆ ವಾಹನಕ್ಕೆ ಅನುಮೋದನೆ ದೊರೆತಿರುವುದು ನಿರ್ದಿಷ್ಟ ಕೋಷ್ಟಕಗಳೊಡನೆ ನಡೆಸಿದ ಶಬ್ದ ಹಾಗೂ ಹೊಗೆ ಪರೀಕ್ಷೆಯ ಆಧಾರದ ಮೇಲೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನಕದ ವಾಹನಗಳಲ್ಲಿ ಆ ಕೋಷ್ಟಕಗಳನ್ನು ಮುಟ್ಟಿದ ಮೇಲೆ ಆ ಅನುಮೋದನೆ ಇನ್ನೂ ಅನ್ವಯಿಸುತ್ತದೆ ಎಂದು ಹೇಳುವ ಧೈರ್ಯವನ್ನು ಯಾವ ಗ್ಯಾರೇಜ್ ಮಾಲೀಕರೂ ಮಾಡಬಾರದು.

ವಿಮೆಯ ವಿಷಯವೂ ಹೀಗೆಯೇ. ವಾಹನದಲ್ಲಿ ಮಾಡಿದ ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸುವುದು ವಿಮೆದಾರನ ಕರ್ತವ್ಯ. ತಿಳಿಸದಿದ್ದಲ್ಲಿ ಅಪಘಾತವಾದಾಗ ಸ್ವಂತ ವಾಹನದ ಹಾನಿಗೆ ಪರಿಹಾರ ವಿವಾದಕ್ಕೆ ಒಳಗಾಗುತ್ತದೆ. ಇಸಿಯು ತಿದ್ದಿದ ಗುರುತು ಸಿಕ್ಕರೆ ತಯಾರಕರ ವಾರಂಟಿಯೂ ಉಳಿಯುವ ಭರವಸೆಯಿಲ್ಲ. ಆಗ ಗ್ರಾಹಕನು ಮೊದಲು ಹುಡುಕಿಕೊಂಡು ಬರುವುದು ಕೆಲಸ ಮಾಡಿಕೊಟ್ಟ ಅಂಗಡಿಯನ್ನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರು ಜಿಲ್ಲಾ ಆಯೋಗದ ಮುಂದೆ ಬರಬಹುದು. "ಗ್ರಾಹಕರ ಸ್ವಂತ ಹೊಣೆಯ ಮೇಲೆ" ಎಂದು ಬರೆಸಿಕೊಂಡ ಚೀಟಿ ಕಾನೂನುಬಾಹಿರ ಕೆಲಸವನ್ನು ಕಾನೂನುಬದ್ಧಗೊಳಿಸುವುದಿಲ್ಲ.

ಗ್ರಾಹಕನ ದೂರು ಸುಳ್ಳಲ್ಲ

ಇಷ್ಟು ಹೇಳಿದ ಮೇಲೆ ಗ್ರಾಹಕನ ಪಕ್ಷವನ್ನೂ ಹೇಳುವುದು ನ್ಯಾಯ. ಹಿಂದೆ ಮತ್ತೊಬ್ಬರನ್ನು ಕೂರಿಸಿಕೊಂಡು, ಸಾಮಾನು ಹೇರಿಕೊಂಡು ಬೆಟ್ಟದ ತಿರುವಿನಲ್ಲಿ ಎರಡನೆಯ ಗೇರಿನಲ್ಲಿ ಏರುವಾಗ ಬಲ ತಗ್ಗಿ ಮತ್ತೆ ಎಗರಿದರೆ ವಾಹನದ ಸಮತೋಲನವೇ ತಪ್ಪುತ್ತದೆ. ಅದು ಸುರಕ್ಷತೆಯ ಪ್ರಶ್ನೆಯೂ ಹೌದು. ಆದರೆ ಈ ಎಗರಾಟಕ್ಕೆ ಕಡಿವಾಣವೊಂದೇ ಕಾರಣವಾಗಿರಬೇಕಿಲ್ಲ. "ಪವರ್ ಓಪನ್ ಮಾಡಿ" ಎಂದು ಬಂದ ಗ್ರಾಹಕನಿಗೆ ಮೊದಲು ಕೆಳಗಿನ ತಪಾಸಣೆಯನ್ನು ಸೂಚಿಸುವುದು ಸೂಕ್ತ.

1. ಚೈನಿನ ಸಡಿಲವನ್ನು ತಯಾರಕರ ಕೈಪಿಡಿಯಂತೆ ಸರಿಪಡಿಸಬೇಕು. ಸಡಿಲವಾದ ಚೈನು ಥ್ರಾಟಲ್ ತೆರೆದಾಗ ಕೊಡುವ ಹೊಡೆತವನ್ನು ಸವಾರರು ಎಂಜಿನ್ನಿನ ದೋಷವೆಂದು ಭಾವಿಸುವುದುಂಟು.

2. ಕೇಬಲ್ ಇರುವ ವಾಹನಗಳಲ್ಲಿ ಥ್ರಾಟಲ್ಲಿನ ಪೊಳ್ಳು ತಿರುವನ್ನು ಅಳತೆಗೆ ತರಬೇಕು.

3. ನಾಲ್ಕು ಸಿಲಿಂಡರಿನ ಎಂಜಿನ್‌ಗಳಲ್ಲಿ ಥ್ರಾಟಲ್ ಬಾಡಿಗಳನ್ನು ನಿರ್ವಾತ ಮಾಪಕದಿಂದ ಸಮಗೊಳಿಸಬೇಕು. ಕಡಿಮೆ ಸುತ್ತುಗಳ ಒರಟುತನ ಇದರಿಂದಲೇ ಎಷ್ಟೋ ಸಲ ಇಳಿಯುತ್ತದೆ.

4. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ವಾಲ್ವ್ ಅಂತರ ಹಾಗೂ ಇಂಜೆಕ್ಟರುಗಳ ಸ್ಥಿತಿಯನ್ನು ಪರಿಶೀಲಿಸಬೇಕು.

5. ಸ್ಕ್ಯಾನರ್ ಜೋಡಿಸಿ ದಾಖಲಾದ ದೋಷ ಸಂಕೇತಗಳನ್ನು ಓದಬೇಕು. ಗೇರ್ ಪೊಸಿಷನ್ ಸೆನ್ಸರ್ ಹಾಗೂ ಎರಡನೆಯ ಥ್ರಾಟಲ್ಲಿನ ಮೋಟಾರ್ ಸರಿಯಾಗಿ ಕೆಲಸ ಮಾಡುತ್ತಿವೆಯೆ ಎಂಬುದು ಇಲ್ಲಿ ತಿಳಿಯುತ್ತದೆ.

6. ಆ ಮಾದರಿಗೆ ತಯಾರಕರೇ ಬಿಡುಗಡೆ ಮಾಡಿದ ಪರಿಷ್ಕೃತ ಕೋಷ್ಟಕವಿದ್ದರೆ ಅಧಿಕೃತ ಕೇಂದ್ರದಲ್ಲಿ ಅದನ್ನು ಹಾಕಿಸಲು ಗ್ರಾಹಕನಿಗೆ ತಿಳಿಸಬೇಕು.

ಈ ಆರೂ ಕೆಲಸಗಳು ಕಾನೂನುಬದ್ಧ, ಇವುಗಳಿಗೆ ರಸೀದಿ ಕೊಡಬಹುದು, ವಾಹನದ ನಡತೆಯೂ ಸುಧಾರಿಸುತ್ತದೆ. ಇಷ್ಟಾದ ಮೇಲೂ ಪೂರ್ಣ ಬಲವೇ ಬೇಕೆನ್ನುವ ಗ್ರಾಹಕನಿಗೆ ಸೂಕ್ತ ಸ್ಥಳ ರೇಸ್ ಪಥ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಹಾಗೂ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಪಥ ನಮ್ಮಿಂದ ಒಂದು ದಿನದ ಪ್ರಯಾಣದೊಳಗಿವೆ. ಪಥಕ್ಕಾಗಿಯೇ ಮೀಸಲಾದ, ಲಾರಿಯಲ್ಲಿ ಸಾಗಿಸುವ ವಾಹನದ ಇಸಿಯು ತಿದ್ದುವುದು ಬೇರೆ ವ್ಯವಹಾರ. ಅದನ್ನು ಕಲಿಯಬಯಸುವವರು ಶಾಸ್ತ್ರೋಕ್ತವಾಗಿ ಕಲಿತು, ಡೈನಮೋಮೀಟರ್ ಸಹಿತ ಮಾಡುವುದಾದರೆ ಆಕ್ಷೇಪವಿಲ್ಲ.

ಉದ್ದಿಮೆಯ ದೃಷ್ಟಿಯಿಂದ

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಮೋಟಾರ್ ಸೈಕಲ್‌ಗಳ ಮೇಲಿನ ಜಿಎಸ್‌ಟಿ ದರ ಶೇ. 40ಕ್ಕೆ ಏರಿತು. ಹೊಸ ವಾಹನ ದುಬಾರಿಯಾದಷ್ಟೂ ಇರುವ ವಾಹನವನ್ನು ಚೆನ್ನಾಗಿ ಇಟ್ಟುಕೊಳ್ಳುವ ಆಸಕ್ತಿ ಬೆಳೆಯುತ್ತದೆ. ದೊಡ್ಡ ಬೈಕುಗಳ ಅಧಿಕೃತ ಸೇವಾ ಕೇಂದ್ರಗಳು ಬಹುತೇಕ ಬೆಂಗಳೂರಿನಲ್ಲಿಯೇ ಇರುವುದರಿಂದ, ದಾರಿಯಲ್ಲಿ ಕೆಟ್ಟು ನಿಂತ ವಾಹನವನ್ನು ಪರೀಕ್ಷಿಸಿ ಸರಿಪಡಿಸಬಲ್ಲ ವಿಶ್ವಾಸಾರ್ಹ ಗ್ಯಾರೇಜು ಈ ನಾಲ್ಕು ಪಟ್ಟಣಗಳಲ್ಲಿ ಇದ್ದರೆ ಅದಕ್ಕೆ ಕೆಲಸದ ಕೊರತೆ ಬಾರದು.

ಇದಕ್ಕೆ ಬೇಕಾದ ಪರಿಸರ ನಮ್ಮ ಅಂಗಳದಲ್ಲೇ ಇದೆ. 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ, ಅದರ ಆವರಣದಲ್ಲಿ 2007ರಲ್ಲಿ ಆರಂಭಗೊಂಡ ತಾಂತ್ರಿಕ ತರಬೇತಿ ಸಂಸ್ಥೆ, ಇಂಧನ ಇಂಜೆಕ್ಷನ್ ಕ್ಷೇತ್ರದಲ್ಲಿ ಹೆಸರಾದ ಬಾಷ್ ಕಂಪನಿಯ ಬಿಡದಿ ಘಟಕ ಇವುಗಳಿಂದಾಗಿ ವಾಹನ ವಿದ್ಯುನ್ಮಾನದ ತಿಳಿವಳಿಕೆ ಉಳ್ಳ ಯುವಕರು ಈ ಭಾಗದಲ್ಲಿದ್ದಾರೆ. ಸ್ಕ್ಯಾನರ್, ನಿರ್ವಾತ ಮಾಪಕ ಹಾಗೂ ಸೇವಾ ಕೈಪಿಡಿಗಳನ್ನು ಹೊಂದಲು ಬಂಡವಾಳದ ಅಗತ್ಯವಿದ್ದಲ್ಲಿ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸೇವಾ ಘಟಕಗಳ ಯೋಜನಾ ವೆಚ್ಚದ ಮಿತಿಯನ್ನು 2022ರಲ್ಲಿ 20 ಲಕ್ಷ ರೂಪಾಯಿಗಳಿಗೆ ಏರಿಸಲಾಗಿದೆ. 2020ರ ಜುಲೈ 1ರಿಂದ ಆರಂಭವಾದ ಉದ್ಯಮ್ ನೋಂದಣಿಯನ್ನು ಇನ್ನೂ ಪಡೆಯದ ಗ್ಯಾರೇಜ್ ಮಾಲೀಕರು ಬ್ಯಾಂಕಿನ ಬಾಗಿಲಿಗೆ ಹೋಗುವ ಮುನ್ನ ಅದನ್ನು ಪಡೆಯುವುದು ಒಳಿತು.

ವ್ಯಾಪಾರಿಗೆ ಗ್ರಾಹಕನ ಮಾತೇ ಮುಖ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವೈದ್ಯನು ರೋಗಿ ಕೇಳಿದ ಔಷಧವನ್ನೆಲ್ಲ ಕೊಡುವುದಿಲ್ಲ. ರೋಗವನ್ನು ನೋಡಿ ಕೊಡುತ್ತಾನೆ. ಅಂಕಿಗಳನ್ನು ತಿದ್ದಿ ಒಂದು ಗಂಟೆಯಲ್ಲಿ ಸಂಪಾದಿಸುವ ಹಣ, ಮುಂದೊಂದು ದಿನ ಸಾತನೂರಿನ ತಿರುವಿನಲ್ಲೋ ಮಾಗಡಿಯ ಪೇಟೆಬೀದಿಯಲ್ಲೋ ಸಂಭವಿಸಬಹುದಾದ ಅನಾಹುತದ ಹೊಣೆಯನ್ನು ತೀರಿಸಲಾರದು. ಚೈನು ಬಿಗಿದು, ಥ್ರಾಟಲ್ ಸಮಗೊಳಿಸಿ, ಇರುವ ಬಲವನ್ನು ನಯವಾಗಿ ಕೈಗೆ ಸಿಗುವಂತೆ ಮಾಡಿಕೊಟ್ಟ ಗ್ಯಾರೇಜಿಗೆ ಅದೇ ಸವಾರ ಮುಂದಿನ ಭಾನುವಾರ ಗೆಳೆಯರನ್ನೂ ಕರೆತರುತ್ತಾನೆ. ಹಳೆಯ ಹೆದ್ದಾರಿಯ ನಮ್ಮ ಅಂಗಡಿಗಳಿಗೆ ಬೇಕಾಗಿರುವುದು ಹೀಗೆ ಮತ್ತೆ ಮತ್ತೆ ಬರುವ ಗ್ರಾಹಕ.